ಮೊರದ ಮೇಲಿನ ಮಣಿಗಳು

ಅರಸೀಕೆರೆಯ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಮೊನ್ನೆ ನಾನು ನೈಲ್ ಪಾಲಿಷ್ ಕೇಳಿದೆ. ಅಂಗಡಿಯ ಹೆಣ್ಣುಮಗಳು ನನ್ನ ಹಣೆಯ ವಿಭೂತಿಯನ್ನೊಮ್ಮೆ, ನರೆತ ಮೀಸೆಯನ್ನೊಮ್ಮೆ ನೋಡಿ ಯಾರಿಗೆ ಎಂದು ಕೇಳಿದಳು. ನನಗೇ ಎಂದೆ. ಯಾವ ಬಣ್ಣ ಎಂದಳು. ಯಾವುದಾದರೂ ಆದೀತು, ಬೇಗ ಒಣಗಿದರೆ ಸಾಕು ಎಂದೆ. ಆಕೆ ಮುಂದೆ ಏನೂ ಕೇಳದೆ ಒಂದು ಕಡುಗೆಂಪು ಶೀಷೆಯನ್ನು ಕಾಗದದಲ್ಲಿ ಸುತ್ತಿ, ಔಷಧಿ ಕೊಡುವವಳ ಹಾಗೆ ಗಂಭೀರವಾಗಿ ಕೊಟ್ಟಳು.

ನೀವೂ ತಪ್ಪು ತಿಳಿಯಬೇಡಿ. ನೂಲಿನ ದಾರದ ತುದಿಗೆ ಒಂದು ಅಂಗುಲದಷ್ಟು ನೈಲ್ ಪಾಲಿಷ್ ಹಚ್ಚಿ ಒಣಗಲು ಬಿಟ್ಟರೆ ಆ ತುದಿ ಸೂಜಿಯ ಹಾಗೆ ಗಟ್ಟಿಯಾಗುತ್ತದೆ. ಮಣಿಯ ತೂತು ಎಷ್ಟು ಸಣ್ಣದಿದ್ದರೂ ಸಲೀಸಾಗಿ ನುಗ್ಗುತ್ತದೆ. ಸೂಜಿಯ ಗೊಡವೆಯೇ ಇಲ್ಲ, ನನ್ನಂಥ ಕನ್ನಡಕದವನಿಗೆ ಸೂಜಿಗೆ ದಾರ ಪೋಣಿಸುವ ಅವಮಾನವೂ ಇಲ್ಲ. ಈಗ ನಾನು ಸರ ಮಾಡುತ್ತೇನೆ. ಚೆನ್ನಾಗಿಯೇ ಮಾಡುತ್ತೇನೆ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ನೈಲ್ ಪಾಲಿಷ್ ಉಪಾಯ ನನ್ನದಲ್ಲ. ಅದು ನನ್ನ ಹೆಂಡತಿ ಶಿವಲೀಲಳದು.

ದುಡ್ಡು ಕೊಟ್ಟು ಮಣಿ ಕೊಳ್ಳುವುದು ಅವಳಿಗೆ ಬೇರೆ ದಾರಿಯೇ ಇಲ್ಲದಾಗ ಮಾಡುವ ಕೆಲಸವಾಗಿತ್ತು. ಅದಕ್ಕೆ ಮೊದಲು ಅವಳು ಇಡೀ ಬೀದಿಯನ್ನು ಜಾಲಾಡುತ್ತಿದ್ದಳು. ಯಾರದೋ ಹರಿದ ಸರ, ಯಾರದೋ ಹಳೆಯ ಪರ್ಸಿನ ಅಂಚು, ಬಾಗಿಲಿಗೆ ಇಳಿಬಿಟ್ಟಿದ್ದ ಮಣಿ ಪರದೆ, ಬಣ್ಣ ಹೋದ ರವಿಕೆಯ ತೋಳಿನ ಕೆಲಸ, ಎಲ್ಲವೂ ನಮ್ಮ ಮನೆಗೆ ಬಂದು ಬಿಚ್ಚಿಕೊಳ್ಳುತ್ತಿದ್ದವು. ಎದುರು ಮನೆಯ ಟ್ಯಾಕ್ಸಿಯವನು ಸೀಟಿನ ಮೇಲೆ ಹಾಸುವ ಮರದ ಮಣಿಯ ಹೊದಿಕೆ ಹರಿಯಿತೆಂದು ಬಿಸಾಡಲು ಹೊರಟಿದ್ದ. ಇವಳು ಅಡ್ಡ ಹಾಕಿ ಇಸಿದುಕೊಂಡಳು. ಸೋಪಿನ ನೀರಿನಲ್ಲಿ ನೆನೆಸಿ, ತಿಕ್ಕಿ, ಒಣಗಿಸಿ, ಅರಿಶಿನ ಕುಂಕುಮದ ಬಣ್ಣ ಹಚ್ಚಿದಳು. ಆ ವರ್ಷ ನಮ್ಮ ಬೀದಿಯ ಅರ್ಧ ಹೆಂಗಸರು, ಟ್ಯಾಕ್ಸಿಯವನು ಬೆನ್ನು ಒರಗಿಸಿದ್ದ ಮಣಿಗಳನ್ನೇ ಕೊರಳಿಗೆ ಹಾಕಿಕೊಂಡು ಮದುವೆ ಮನೆಗಳಲ್ಲಿ ಓಡಾಡಿದರು. ಅವನೂ ಒಂದು ಮದುವೆಯಲ್ಲಿ ಊಟಕ್ಕೆ ಕೂತು ಅದನ್ನು ಹೊಗಳಿದನಂತೆ.

ಎಲ್ಲಕ್ಕಿಂತ ಹೆಚ್ಚು ಅವಳು ನೆಚ್ಚಿದ್ದು ಕರಟವನ್ನು. ನಾನು ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದವನು. ಕರಟ ಎಂದರೆ ಬಚ್ಚಲ ಒಲೆಗೆ ಹುಟ್ಟಿದ್ದು ಎಂದು ತಿಳಿದವನು. ಅವಳು ಅದನ್ನು ಗರಗಸದ ಬ್ಲೇಡಿನಲ್ಲಿ ಕೊಯ್ದು, ಕಲ್ಲಿಗೆ ಉಜ್ಜಿ, ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಿ, ಬಿಲ್ಲೆ ಮಾಡಿ, ತೂತು ಹಾಕಿ, ಕೊನೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದಳೆಂದರೆ ಅದು ಕರಿಮರದ ಹಾಗೆ ಮಿನುಗುತ್ತಿತ್ತು. ತೂತು ಹಾಕುವ ಕೆಲಸಕ್ಕೆ ನನ್ನನ್ನು ಕರೆಯುತ್ತಿದ್ದಳು. ನಾನು ಹತ್ತರಲ್ಲಿ ನಾಲ್ಕು ಸೀಳುತ್ತಿದ್ದೆ. "ಹೊಟ್ಟೆಗೆ ಹೋಗೋದನ್ನ ನೀವು ನೋಡ್ಕೊಂಡ್ರಲ್ಲ ರೀ, ಸಾಕು. ಕೊರಳಿಗೆ ಬರೋದನ್ನ ನಾನು ನೋಡ್ಕೋತೀನಿ, ಬಿಡಿ" ಎಂದು ಡ್ರಿಲ್ಲನ್ನು ಕಿತ್ತುಕೊಳ್ಳುತ್ತಿದ್ದಳು.

ಹಾಗೆಂದು ನನಗೆ ದಾರದ ಕೆಲಸ ತೀರಾ ಹೊಸದೇನಲ್ಲ. ನಾನು ಚಿಕ್ಕವನಿದ್ದಾಗ ನಮ್ಮವ್ವ ಮನೆಯವರಿಗೆಲ್ಲ ಶಿವದಾರ ಹೊಸೆಯುತ್ತಿದ್ದಳು. ಲಿಂಗದ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ ಅದು. ಹೊಸೆಯುವಾಗ ಒಂದು ತುದಿಯನ್ನು ಗೂಟಕ್ಕೆ ಕಟ್ಟಬೇಕು. ನಮ್ಮ ಮನೆಯಲ್ಲಿ ಗೂಟವೆಂದರೆ ನನ್ನ ಕಾಲಿನ ಹೆಬ್ಬೆರಳು. ಅವ್ವ ಹೊಸೆದು ಮುಗಿಸುವವರೆಗೂ ನಾನು ಕಾಲು ಚಾಚಿಕೊಂಡು ಕದಲದೆ ಕೂತಿರಬೇಕು. ನೊಣ ಕೂತರೂ ಓಡಿಸುವಂತಿಲ್ಲ. ಪಕ್ಕದಲ್ಲಿ ನಮ್ಮಕ್ಕ ನೆನೆಸಿದ ಹುಣಸೆ ಬೀಜಕ್ಕೆ ದಬ್ಬಳ ಚುಚ್ಚಿ ಸರ ಮಾಡುತ್ತಾ, ನಾನು ಏಳಲಾರೆನೆಂದು ತಿಳಿದು ನನ್ನ ಕಿವಿಗೆ ಆ ಬೀಜಗಳನ್ನು ತೂಗು ಹಾಕಿ ನಗುತ್ತಿದ್ದಳು. ಓಲೆ ಹಾಕಿಕೊಂಡ ಗೂಟ ನಾನು. ಎಸ್ಸೆಸ್ಸೆಲ್ಸಿವರೆಗೆ ನಾನು ಕಲಿತದ್ದರಲ್ಲಿ ಬಹಳಷ್ಟು ಮರೆತಿದೆ. ಅವ್ವ ಶಿವದಾರಕ್ಕೆ ಹಾಕುತ್ತಿದ್ದ ಗಂಟು ಮಾತ್ರ ಬೆರಳಿನಲ್ಲೇ ಉಳಿದಿದೆ.

ಎಲ್ಲೆಲ್ಲೋ ಹೋದೆ. ಶಿವಲೀಲ ತೀರಿಕೊಂಡದ್ದನ್ನು ಬರೆಯಬೇಕಾಗಿದೆ, ಅದಕ್ಕೇ ಸುತ್ತು ಬಳಸುತ್ತಿದ್ದೇನೆ. ಶಿವರಾತ್ರಿಯಾದ ಮರುವಾರ, ಮಧ್ಯಾಹ್ನ ಊಟವಾದ ಮೇಲೆ ಎದೆ ಹಿಡಿದುಕೊಂಡಂತಿದೆ ಎಂದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಇದಕ್ಕಿಂತ ಹೆಚ್ಚಿಗೆ ಬರೆಯಲು ನನಗೆ ಬರುವುದಿಲ್ಲ.

ಆಗ ನಮ್ಮ ಮಗಳು ವೀಣಾ ಮೂರು ತಿಂಗಳ ಬಸುರಿ. ಅವಳನ್ನು ಗಂಡಸಿ ಎಂಬ ಊರಿಗೆ ಕೊಟ್ಟಿದ್ದೇವೆ, ಅಳಿಯ ಅಲ್ಲೇ ಮೇಷ್ಟ್ರು. ಸುದ್ದಿ ತಿಳಿದ ದಿನವೇ ಶಿವಲೀಲ ಮಗಳ ಸೀಮಂತಕ್ಕೆ ಒಂದು ಸರ ಮಾಡುವುದಾಗಿ ಹೇಳಿದ್ದಳು. ಸ್ವಲ್ಪ ದಿನಕ್ಕೆ ತನ್ನ ಮಹಿಳಾ ಸಂಘದ ಹೆಂಗಸರ ಜೊತೆ ಬೇಲೂರು ಹಳೇಬೀಡಿಗೆ ಹೋಗಿ ಬಂದಳು. ಬಂದವಳೇ ಮಗಳಿಗೆ ಫೋನು ಮಾಡಿ, ಕಲ್ಲಿನಲ್ಲಿ ಒಂದು ಸರ ನೋಡಿಕೊಂಡು ಬಂದಿದ್ದೇನೆ, ಅಂಥದು ಈ ತಾಲ್ಲೂಕಿನಲ್ಲಿ ಯಾರ ಕೊರಳಲ್ಲೂ ಇಲ್ಲ, ನಿನಗೆ ಅದನ್ನೇ ಮಾಡುತ್ತೇನೆ ಎಂದು ಹೇಳಿದಳು. ಯಾವ ಕಲ್ಲು, ಯಾವ ಸರ ಎಂದು ಮಗಳಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹಸಿರು ಗಾಜಿನ ಮಣಿ, ಕರಟದ ಬಿಲ್ಲೆ, ಹಿತ್ತಾಳೆಯ ಸಣ್ಣ ಕೊಳವೆ ಎಲ್ಲ ಹೊಂದಿಸಿಕೊಂಡು ಕೂತಳು.

ಅವಳ ಕೆಲಸದ ಪದ್ಧತಿ ಹೀಗೆ. ಮೊರದ ಮೇಲೆ ಹಳೆಯ ಟರ್ಕಿ ಟವೆಲ್ ಹಾಸುವುದು. ಟವೆಲಿನ ಮೇಲೆ ಮಣಿ ಉರುಳುವುದಿಲ್ಲ. ಸರದಲ್ಲಿ ಯಾವ ಮಣಿ ಆದ ಮೇಲೆ ಯಾವುದು ಬರಬೇಕೋ ಅದೇ ಸಾಲಿನಲ್ಲಿ ಎಲ್ಲವನ್ನೂ ಮೊದಲು ಅದರ ಮೇಲೆ ಜೋಡಿಸಿಕೊಳ್ಳುವುದು. ನೋಡಿ ನೋಡಿ, ಅದಲು ಬದಲು ಮಾಡಿ, ಮನಸ್ಸಿಗೆ ಬಂದ ಮೇಲೆ ಒಂದು ತುದಿಯಿಂದ ಪೋಣಿಸುತ್ತಾ ಹೋಗುವುದು. ಕಾಗದದ ಮೇಲೆ ಅವಳು ಎಂದೂ ಏನನ್ನೂ ಬರೆದುಕೊಂಡವಳಲ್ಲ. ಅವಳು ಹೋದ ದಿನ ಆ ಸರ ನಾಲ್ಕು ಬೆರಳು ಉದ್ದ ಆಗಿತ್ತು. ಉಳಿದದ್ದೆಲ್ಲ ಮೊರದ ಮೇಲಿತ್ತು.

ಮಣ್ಣು ಮಾಡಿ ಬಂದೆವು. ನೆಂಟರು ತುಂಬಿಕೊಂಡರು, ಹೋದರು. ಮನೆ ಖಾಲಿಯಾದ ಮಾರನೆಯ ದಿನ ಬೆಳಿಗ್ಗೆ ಮೊರ ಕಣ್ಣಿಗೆ ಬಿತ್ತು. ಗಂಡಸರು ಇಂಥ ಹೊತ್ತಿನಲ್ಲಿ ಏನಾದರೂ ಒಂದು ಕೆಲಸ ಹುಡುಕುತ್ತಾರೆ. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಮಂಡಿಗೆ ಕೊಬ್ಬರಿ ಬಂದು ಬಿದ್ದರೆ ದಪ್ಪದ್ದು ಒಂದು ಕಡೆ, ನಡುವಿನದು ಒಂದು ಕಡೆ, ಸಣ್ಣದು ಒಂದು ಕಡೆ, ಒಡಕು ಮತ್ತು ಬೂಷ್ಟು ಹಿಡಿದದ್ದು ಒಂದು ಕಡೆ. ವಿಂಗಡಿಸದ ರಾಶಿ ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮಣಿಗಳನ್ನೂ ಹಾಗೇ ವಿಂಗಡಿಸಿದೆ. ಅವಳ ಮಾತ್ರೆಯ ಖಾಲಿ ಡಬ್ಬಿಗಳನ್ನು ತೊಳೆದು ಒಂದೊಂದು ಗಾತ್ರಕ್ಕೆ ಒಂದೊಂದು ಡಬ್ಬಿ ಮಾಡಿದೆ. ನಡುನಡುವೆ ಐದು ಸಣ್ಣ ಹಿತ್ತಾಳೆಯ ಗೆಜ್ಜೆಗಳು ಸಿಕ್ಕವು. ಯಾರದೋ ಹಳೆಯ ಕಾಲ್ಗೆಜ್ಜೆಯಿಂದ ಬಿದ್ದವಿರಬೇಕು ಎಂದು ಒಡಕಿನ ಲೆಕ್ಕಕ್ಕೆ ಸೇರಿಸಿ ಬೇರೆ ಡಬ್ಬಿಗೆ ಹಾಕಿದೆ. ಟವೆಲ್ ಒಗೆದು ಹಾಕಿದೆ. ಅವಳು ಹೋದ ಮೇಲೆ ಆವತ್ತೇ ಮೊದಲು ನನಗೆ ಒಂದು ಕೆಲಸ ಸರಿಯಾಗಿ ಮಾಡಿದೆ ಅನ್ನಿಸಿದ್ದು.

ಎರಡು ದಿನ ಬಿಟ್ಟು ಮಂಗಳ ಬಂದಳು. ಶಿವಲೀಲಳ ತಂಗಿ, ಹಾರನಹಳ್ಳಿಯಲ್ಲಿದ್ದಾಳೆ. ಅಕ್ಕನ ಜೊತೆ ಕೂತು ಮಣಿ ಕೆಲಸ ಕಲಿತವಳು. ಬಂದವಳು ಸುತ್ತ ನೋಡಿ ಮೊರ ಎಲ್ಲಿ ಎಂದು ಕೇಳಿದಳು. ನಾನು ಹೆಮ್ಮೆಯಿಂದ ಡಬ್ಬಿಗಳನ್ನು ತಂದು ಮುಂದಿಟ್ಟೆ.

ಅವಳು ಒಂದೊಂದರ ಮುಚ್ಚಳ ತೆಗೆದು ನೋಡಿ ಮುಚ್ಚಿದಳು. ಆಮೇಲೆ ಮೆಲ್ಲಗೆ, "ಭಾವ, ಅಕ್ಕ ಅದನ್ನ ಜೋಡಿಸಿ ಇಟ್ಟಿದ್ಲು" ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಶಿವಲೀಲ ಕೊನೆಯದಾಗಿ ಹೇಳಿದ ಒಂದು ಮಾತನ್ನು ನಾನು ಅಕ್ಷರ ಅಕ್ಷರ ಬಿಡಿಸಿ, ದೊಡ್ಡಕ್ಷರ ಒಂದು ಕಡೆ ಚಿಕ್ಕಕ್ಷರ ಒಂದು ಕಡೆ ಮಾಡಿ ಡಬ್ಬಿಗೆ ತುಂಬಿದ್ದೆ.

ಮಗಳಿಗೆ ನಾನೇ ಫೋನು ಮಾಡಿ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಬಿಡಿ ಅಪ್ಪ, ಬೇಕು ಅಂತ ಮಾಡಿದ್ರಾ? ಅಂಗಡೀಲಿ ಒಂದು ತಗೊಂಡ್ರಾಯ್ತು" ಅಂದಳು. ಆವತ್ತೇ ತೀರ್ಮಾನ ಮಾಡಿದೆ. ಸೀಮಂತದ ದಿನ ಅವಳ ಕೊರಳಲ್ಲಿ ಅವಳಮ್ಮ ಅಂದುಕೊಂಡ ಸರವೇ ಇರಬೇಕು. ಅಂಗಡಿಯದಲ್ಲ. ಅವಳಮ್ಮ ನೋಡಿದ ಕಲ್ಲು ಎಲ್ಲಿಗೂ ಓಡಿ ಹೋಗಿಲ್ಲವಲ್ಲ. ಹೋಗಿ ಹುಡುಕಿದರಾಯಿತು.

ಮೊದಲು ಸಂಘದ ಹೆಂಗಸರನ್ನು ಕೇಳಿದೆ. ಯಾರೂ ಕಂಡಿರಲಿಲ್ಲ. ಅವರಿಗೆ ನೆನಪಿದ್ದದ್ದು ಒಂದೇ, ಹಳೇಬೀಡಿನಲ್ಲೋ ಬೇಲೂರಿನಲ್ಲೋ ಶಿವಲೀಲ ಗುಂಪಿನಿಂದ ತಪ್ಪಿಸಿಕೊಂಡು, ಎಲ್ಲರೂ ಬಸ್ಸು ಹತ್ತಿ ಕೂತು ಬೈದುಕೊಳ್ಳುವವರೆಗೂ ಬರಲಿಲ್ಲವಂತೆ. ಸರಿ, ಆ ನಾಲ್ಕು ಬೆರಳು ಸರವನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು, ಮಂಗಳಳನ್ನು ಕರೆದುಕೊಂಡು ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ.

ಮೊದಲು ಬೇಲೂರಿಗೆ ಹೋದೆವು. ಅಲ್ಲಿಯ ಶಿಲಾಬಾಲಿಕೆಯರು ಸೂರಿನ ಕೆಳಗೆ ಎತ್ತರದಲ್ಲಿದ್ದಾರೆ. ಕತ್ತು ಎತ್ತಿ ನೋಡಿ ನೋಡಿ ನನಗೆ ಕತ್ತು ಇಳಿಸಲು ಬರದಂತಾಯಿತು. ಎಲ್ಲರ ಕೊರಳಲ್ಲೂ ಸರಗಳೇ, ಒಂದರ ಮೇಲೆ ಒಂದು. ನಮ್ಮ ನಾಲ್ಕು ಬೆರಳಿಗೆ ಹೊಂದುವಂಥದು ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೇಬೀಡಿಗೆ ಬಂದೆವು. ಅಲ್ಲಿ ಇನ್ನೊಂದು ಕಷ್ಟ. ಗೋಡೆಯ ಶಿಲ್ಪಗಳೆಲ್ಲ ಕಣ್ಣಿನ ಮಟ್ಟಕ್ಕೇ ಇವೆ. ಅರವತ್ತು ದಾಟಿದ ಗಂಡಸು ಕನ್ನಡಕ ಮೇಲಕ್ಕೆತ್ತಿಕೊಂಡು, ಕಲ್ಲಿನ ಹೆಂಗಸರ ಎದೆಯ ಹತ್ತಿರ ಮೂಗು ಇಟ್ಟುಕೊಂಡು, ಒಬ್ಬಳಾದ ಮೇಲೆ ಒಬ್ಬಳನ್ನು ನೋಡುತ್ತಾ ಹೋಗುವುದನ್ನು ನೀವು ಊಹಿಸಿಕೊಳ್ಳಿ.

"ಭಾವ, ಸ್ವಲ್ಪ ದೂರ ನಿಂತ್ಕೊಂಡು ನೋಡಿ. ಮಕ್ಕಳು ಮರಿ ಓಡಾಡೋ ಜಾಗ" ಎಂದು ಮಂಗಳ ಸೆರಗು ಬಾಯಿಗೆ ಹಿಡಿದಳು.

ಅಷ್ಟರಲ್ಲಿ ಅಲ್ಲಿಯ ಕಾವಲಿನವನು ಬಂದು ಏನು ಹುಡುಕುತ್ತಿದ್ದೀರಿ ಯಜಮಾನರೇ ಎಂದು ಕೇಳಿದ. ನಾನು ಉತ್ತರ ಕೂಡಿಸಿಕೊಳ್ಳುವ ಮೊದಲೇ ಮಂಗಳ ಸರ ಹುಡುಕುತ್ತಿದ್ದೇವೆ ಎಂದುಬಿಟ್ಟಳು. ಪಾಪ, ಅವನು ಚಿನ್ನದ್ದೇ ಎಂದು ಕೇಳಿ, ಬಗ್ಗಿ ನೆಲವನ್ನೆಲ್ಲ ನೋಡತೊಡಗಿದ. ಅವನಿಗೆ ವಿಷಯ ತಿಳಿಸಿ ಹೇಳುವಷ್ಟರಲ್ಲಿ ನಾಲ್ಕಾರು ಪ್ರವಾಸಿಗರೂ ನೆಲ ನೋಡುತ್ತಿದ್ದರು.

ಸುತ್ತು ಹಾಕಿ ಮುಗಿಯಿತು. ಸಿಗಲಿಲ್ಲ. ನನಗೆ ಕಾಲು ಸೋತಿತ್ತು, ಮನಸ್ಸೂ ಸೋತಿತ್ತು. ಸ್ವಲ್ಪ ನೆರಳಿದೆ ಎಂದು ದೊಡ್ಡ ಬಸವಣ್ಣನ ಮಂಟಪದಲ್ಲಿ ಕೂತೆವು. ಮಗಳಿಗೆ ಏನು ಹೇಳುವುದು ಎಂದು ಯೋಚಿಸುತ್ತಾ ಜೇಬಿನಿಂದ ಆ ತುಂಡನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೆ. ಎರಡು ಹಸಿರು ಮಣಿ, ಒಂದು ಕರಟದ ಬಿಲ್ಲೆ, ಎರಡು ಹಸಿರು ಮಣಿ, ಒಂದು ಕೊಳವೆ. ಮತ್ತೆ ಎರಡು ಹಸಿರು ಮಣಿ. ತಲೆ ಎತ್ತಿದೆ. ಬಸವಣ್ಣನ ಕೊರಳು ನನ್ನ ಮುಖದ ಮುಂದೆಯೇ ಇತ್ತು. ಎರಡು ಗುಂಡು, ಒಂದು ಬಿಲ್ಲೆ, ಎರಡು ಗುಂಡು, ಒಂದು ಉದ್ದ. ಹಾಗೇ ಕಣ್ಣು ಇಳಿಸುತ್ತಾ ಹೋದೆ. ಸರ ಇಳಿಬಿದ್ದ ಕಡೆ ಗೆಜ್ಜೆಗಳು ತೂಗುತ್ತಿದ್ದವು.

ಗೆಜ್ಜೆ. ಒಡಕಿನ ಲೆಕ್ಕಕ್ಕೆ ನಾನು ಸೇರಿಸಿದ ಐದು ಗೆಜ್ಜೆ.

ಮಂಗಳಳಿಗೆ ತುಂಡು ಕೊಟ್ಟು ಕೈ ತೋರಿಸಿದೆ. ಅವಳು ಕಲ್ಲನ್ನೂ ತುಂಡನ್ನೂ ಎರಡು ಮೂರು ಸಲ ನೋಡಿದಳು.

"ಅಕ್ಕ ಮಗಳಿಗೆ ಎತ್ತಿನ ಸರ ಮಾಡಕ್ಕೆ ಹೊರಟಿದ್ಲಾ ಭಾವ?"

ಆಮೇಲೆ ನಗತೊಡಗಿದಳು. ಅಕ್ಕ ಬಾಯಿ ಬಿಟ್ಟು ಹೇಳದೆ ಹೋದದ್ದು ಇದಕ್ಕೇ, ಹೇಳಿದ್ದರೆ ಯಾರು ಹಾಕಿಕೊಳ್ಳುತ್ತಿದ್ದರು ಎಂದು ಹೇಳಿ ಮತ್ತೆ ನಕ್ಕಳು. ನಾನೂ ನಕ್ಕೆ. ಬೇರೆಯವರೆಲ್ಲ ನಾಟ್ಯದ ಭಂಗಿ ನೋಡುತ್ತಾ ಮುಂದೆ ಹೋಗಿರುವಾಗ, ಬಸ್ಸಿನವರು ಹಾರ್ನ್ ಹೊಡೆಯುತ್ತಿರುವಾಗ, ಇವಳೊಬ್ಬಳು ಇಲ್ಲಿ ಕೂತು ಬಸವಣ್ಣನ ಕೊರಳಿನ ಮಣಿಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಮಂಗಳಳ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ನಾನು ಬಸವಣ್ಣನ ಕಡೆ ತಿರುಗಿ ಕೂತು, ಅಳಿಯ ಕೊಟ್ಟಿದ್ದ ಡೈರಿಯಲ್ಲಿ ಪೆನ್ಸಿಲಿನಿಂದ ಸಾಲು ಬರೆದುಕೊಂಡೆ. ಎರಡು ಸಲ ತಾಳೆ ನೋಡಿದೆ.

ಪೋಣಿಸುವ ಕೆಲಸ ಮಂಗಳ ಮಾಡುತ್ತೇನೆ ಎಂದಳು. ನಾನು ಬಿಡಲಿಲ್ಲ. ಕೆಡಿಸಿದವನೇ ಕಟ್ಟಬೇಕು. ಮೊದಲ ಸಲ ಕೈ ಬೆವರಿ ದಾರ ಒದ್ದೆಯಾಗಿ ಎಳೆ ಬಿಟ್ಟಿತು. ಎರಡನೆಯ ಸಲ ಮುಗಿಸಿ ಎತ್ತಿ ಹಿಡಿದರೆ ಒಂದು ಪಕ್ಕದಲ್ಲಿ ಮೂರು ಗೆಜ್ಜೆ, ಇನ್ನೊಂದು ಪಕ್ಕದಲ್ಲಿ ಎರಡು, ನಡುವೆ ಬರಬೇಕಾದದ್ದು ಇಲ್ಲ. ಬಿಚ್ಚಿದೆ. ಆಗ ನೈಲ್ ಪಾಲಿಷ್ ನೆನಪಾಯಿತು, ಶಿವಲೀಲಳದೇ ಶೀಷೆಯ ತಳದಲ್ಲಿ ಸ್ವಲ್ಪ ಉಳಿದಿತ್ತು. ದಾರಕ್ಕೆ ಮೇಣದ ಬತ್ತಿ ಸವರಬೇಕು ಎನ್ನುವುದನ್ನು ಮಂಗಳ ಹೇಳಿಕೊಟ್ಟಳು. ನೈಲಾನ್ ಹಾಕಿದರೆ ಸುಲಭ, ಆದರೆ ಬಸುರಿಯ ಕೊರಳಿಗೆ ಒತ್ತುತ್ತದೆ, ನೂಲೇ ಮೆತ್ತಗೆ. ಮೂರನೆಯ ಸಲ ಸರಿ ಬಂತು. ಶಿವಲೀಲ ಪೋಣಿಸಿದ್ದ ನಾಲ್ಕು ಬೆರಳನ್ನು ಬಿಚ್ಚಲಿಲ್ಲ. ಅದರ ತುದಿಗೆ ನನ್ನ ದಾರ ಸೇರಿಸಿ, ಅವ್ವನ ಶಿವದಾರದ ಗಂಟು ಹಾಕಿ, ಗಂಟಿನ ಮೇಲೆ ಒಂದು ಬಿಲ್ಲೆ ಕೂರಿಸಿದೆ. ಎಳೆದು ನೋಡಿದೆ. ಜಗ್ಗಲಿಲ್ಲ.

ವರ್ಷ ತುಂಬುವ ಮೊದಲೇ ಶುಭಕಾರ್ಯವೇ ಎಂದು ಕೆಲವರು ಅಂದರು. ಮಠದ ಸ್ವಾಮಿಗಳು ನಮ್ಮಲ್ಲಿ ಸೂತಕವಿಲ್ಲ, ಕೂಸು ಯಾರಿಗೂ ಕಾಯುವುದಿಲ್ಲ, ಮಾಡಿ ಎಂದರು. ಏಳನೇ ತಿಂಗಳಲ್ಲಿ ಗಂಡಸಿಯಲ್ಲಿ ಸೀಮಂತ ನಡೆಯಿತು.

ಹೋಗುವ ದಾರಿಯುದ್ದಕ್ಕೂ ಮಂಗಳ ನನಗೆ ಬುದ್ಧಿ ಹೇಳಿದಳು. ಬೇಲೂರಿನ ಶಿಲಾಬಾಲಿಕೆಯದು ಅಂದುಬಿಡಿ, ಎತ್ತಿನದು ಎಂದು ಬಾಯಿ ಬಿಡಬೇಡಿ, ಬೀಗರ ಮನೆ. ನಾನು ಹೂಂ ಎಂದೆ. ಆದರೆ ಹಸಿರು ಸೀರೆ ಉಟ್ಟು ಹಸಿರು ಬಳೆ ತೊಟ್ಟು ಕೂತ ವೀಣಾ ಸರವನ್ನು ಕೈಯಲ್ಲಿ ಹಿಡಿದು, ಅಮ್ಮ ಇದನ್ನು ಯಾವ ಕಲ್ಲಿನಲ್ಲಿ ನೋಡಿದ್ದು ಎಂದು ಕೇಳಿದಾಗ ನನಗೆ ಸುಳ್ಳು ಬರಲಿಲ್ಲ. ಅವಳಮ್ಮನದು ಎಂದು ಕೊಡುತ್ತಿರುವಾಗ ಅರ್ಧ ಹೇಳಿ ಕೊಡುವುದು ಹೇಗೆ? ಹಳೇಬೀಡಿನ ಬಸವಣ್ಣನ ಕೊರಳಿನದು ಎಂದೆ. ಮಂಗಳ ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

ವೀಣಾಳ ಅತ್ತೆ ಕೈ ಚಾಚಿ ಸರ ಇಸಿದುಕೊಂಡರು. ತಿರುಗಿಸಿ ನೋಡಿದರು. ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಾವೇ ಸೊಸೆಯ ಕೊರಳಿಗೆ ಹಾಕಿ ಹಿಂದೆ ಕಟ್ಟುತ್ತಾ, "ಬೀಗಿತ್ತಿ ನೋಡಿ ಮಾಡವ್ರೆ. ದೇವಸ್ಥಾನದಲ್ಲಿ ಕುಣಿಯೋರು ನೂರು ಜನ ಅವ್ರೆ, ಹೊರೋನು ಅವನೊಬ್ಬನೇಯ" ಎಂದರು.

ಆಗ ವೀಣಾ ನಕ್ಕಳು. ಐದು ಗೆಜ್ಜೆಗಳೂ ಅಲ್ಲಾಡಿದವು. ಅವಳಿಗೆ ಅದು ಹೊಸದು, ಇನ್ನೊಮ್ಮೆ ಅಲ್ಲಾಡಿಸಿ ನೋಡಿದಳು. ಬೆರಳಿನಿಂದ ಮಣಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಹಿಂದಕ್ಕೆ ಹೋಗಿ, ಬಿಲ್ಲೆಯ ಕೆಳಗಿನ ನನ್ನ ಗಂಟಿನ ಹತ್ತಿರ ನಿಲ್ಲಿಸಿದಳು. ಅವಳಿಗೆ ಗೊತ್ತಾಯಿತು. ಅಲ್ಲಿಂದ ಆಚೆಯ ನಾಲ್ಕು ಬೆರಳನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಊಟವಾಗಿ ನಾನು ಹೊರಡುವಾಗ ಅವಳು ಸರ ಬಿಚ್ಚಿ ಡಬ್ಬಿಯಲ್ಲಿಡಲು ಹೊರಟಿದ್ದಳು. ದಿನಾ ಹಾಕಿಕೋ ಎಂದೆ. ಅವಳು ಹೆದರಿದವಳ ಹಾಗೆ ಸರವನ್ನು ಮುಷ್ಟಿಯಲ್ಲಿ ಹಿಡಿದಳು.

"ಮಗು ಹುಟ್ಟಿದ ಮೇಲೆ ಎಳೆಯುತ್ತೆ ಅಪ್ಪ. ಗೆಜ್ಜೆ ಬೇರೆ ಇದೆ, ಬಿಡುತ್ತಾ?"

"ಎಳೀಲಿ ಬಿಡವ್ವ" ಎಂದೆ. "ಹರಿದ್ರೆ ಒಂದು ಮಣಿನೂ ಬಿಡದ ಹಾಗೆ ಆರಿಸ್ಕೊಂಡು ತಗೊಂಬಾ. ನಾನು ಪೋಣಿಸ್ತೀನಿ."